ತಿರುಗಾಡಾಕ ಒಂದು ಲೆನ್ಸ್

ನನ್ನ ಕ್ಯಾಮೆರಾದ ಹಳೆಯ ಲೆನ್ಸಿನೊಳಗೆ ಧೂಳು ಹೊಕ್ಕು, ತಿರುವಿದಾಗಲೆಲ್ಲ ಕರಕರ ಸದ್ದು ಬರತೊಡಗಿದ ಮೇಲೆ ಅಫಜಲಪುರದ ಸ್ಟುಡಿಯೋಗೆ ಹೋದೆ. ಯಾರೋ ಬಳಸಿ ಬಿಟ್ಟಿದ್ದ ಆ ಕ್ಯಾಮೆರಾವನ್ನು ನಾನು ಕೊಂಡದ್ದೂ ಅಲ್ಲಿಯೇ. ಸ್ಟುಡಿಯೋದ ಮಾಲೀಕರು ನಡುವಯಸ್ಸಿನ ಮುಸಲ್ಮಾನರು. ಸುತ್ತಲಿನ ಊರುಗಳ ಮದುವೆ, ಮಕ್ಕಳ ಕೂದಲು ತೆಗೆಸುವ ಜವಳದ ಫೋಟೋಗಳೆಲ್ಲ ಅವರವೇ. ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ತಿರುವಿ ನೋಡಿದರು.

"ಖರಾಬ್ ಆಗ್ಯದ್ರಿ ಅಕ್ಕಾರ. ಇದನ್ನ ರಿಪೇರಿ ಮಾಡ್ಸೋದಕ್ಕಿಂತ ಬ್ಯಾರೆ ತಗೊಳ್ಳೋದು ಛಲೋ."

"ಒಂದೇ ಬೇಕ್ರಿ ನನಗ. ದಿನಾ ಕೊಳ್ಳಾಗ ಹಾಕ್ಕೊಂಡು ತಿರುಗಾಡಾಕ."

ಅವರು ಗಾಜಿನ ಮೇಜಿನ ಮೇಲೆ ಎರಡು ಲೆನ್ಸ್ ಇಟ್ಟರು. ಒಂದು ಹದಿನೆಂಟರಿಂದ ಇನ್ನೂರು ಮಿಲಿಮೀಟರಿನವರೆಗಿನದು. ತಿರುವಿದರೆ ಮೂತಿ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ಇನ್ನೊಂದು ಹದಿನೇಳರಿಂದ ಐವತ್ತು, ಗಿಡ್ಡ, ಗುಂಡು.

"ಈ ಉದ್ದಂದು ಅದಲ್ಲ, ಇದರಾಗ ಎದುರಿನ ಗ್ವಾಡಿನೂ ಬರ್ತದ, ಗುಡಿ ಕಳಸದ ಮ್ಯಾಲಿನ ಪಾರಿವಾಳಾನೂ ಬರ್ತದ. ಗಿಡ್ಡಂದ್ರಾಗ ದೂರಂದು ಸಿಗಂಗಿಲ್ಲ. ಆದ್ರ ಕತ್ತಲಿ ಪಡಸಾಲ್ಯಾಗೂ ಬೆಳಕು ಹಿಡೀತದ. ಎರಡೂ ಒಯ್ರಿ, ತಿರುಗ್ಯಾಡಿ ನೋಡ್ರಿ. ಕೈಗೆ ಹೊಂದಿದ್ದು ಇಟ್ಕೋರಿ, ಇನ್ನೊಂದು ತಂದ್ಕೊಡ್ರಿ."

ಎರಡನ್ನೂ ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ನಮ್ಮ ಕಡೆಯ ಕರಿಮಣ್ಣಿನ ಧೂಳಿನಲ್ಲಿ, ತೊಗರಿ ರಾಶಿ ನಡೆದಿರುವ ಹೊಲದ ಬದಿಯಲ್ಲಿ ನಿಂತು ಒಂದು ಲೆನ್ಸ್ ಬಿಚ್ಚಿ ಇನ್ನೊಂದು ಹಾಕುವುದೆಂದರೆ ಕ್ಯಾಮೆರಾದ ಒಳಗೆ ಮಣ್ಣು ಸುರಿದಂತೆಯೇ. ಒಮ್ಮೆ ಹಾಕಿದ್ದನ್ನು ಬಿಚ್ಚದೆ ಇರುವಂಥದ್ದು ನನಗೆ ಬೇಕಾಗಿತ್ತು.

ಆಳಂದದ ಮನೆಗೆ ಬಂದು ಅವನ್ನು ಹೊರಗಿಟ್ಟಾಗ ಅತ್ತೆ ಕೇಳಿದರು, "ಇವು ಯಾಕ?"

"ತಿರುಗಾಡಾಕ ಒಂದು ಬೇಕಾಗಿತ್ರಿ. ಯಾವುದು ಅಂತ ನೋಡಾಕತ್ತೇನಿ."

"ತಿರುಗೋ ಹೆಣ್ಮಕ್ಕಳಿಗಿ ಅಂಗಡ್ಯಾಗ ಸಾಮಾನ ಬ್ಯಾರೆ ಮಾರ್ತಾರೇನು ಈಗ?"

ತಿರುಗುವ ಹೆಂಗಸು ಎಂದರೆ ನಮ್ಮಲ್ಲಿ ಏನರ್ಥವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮವರು, ಎಂದರೆ ನನ್ನ ಗಂಡ, ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ರಾತ್ರಿಯೇ ಉದ್ದನೆಯ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿಟ್ಟೆ.

ಅದನ್ನೇ ಮೊದಲು ಆರಿಸಿದ್ದಕ್ಕೆ ಕಾರಣವಿತ್ತು. ನಾನು ಆಳಂದದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸದವಳು. ನನ್ನೆದುರು ಕೂತವರೆಲ್ಲ ಹೆದರಿರುತ್ತಾರೆ. ಗಟ್ಟಿ ಆಳುಗಳೂ ಸೂಜಿ ಕಂಡರೆ ಮುಖ ಆ ಕಡೆ ತಿರುಗಿಸುತ್ತಾರೆ. ನನಗೆ ಹೆದರದ ಮುಖಗಳನ್ನು, ನಾನಿರುವುದೇ ಗೊತ್ತಿಲ್ಲದ ಮುಖಗಳನ್ನು ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಇನ್ನೂರರ ಲೆನ್ಸ್ ಅದನ್ನು ಕೊಡುತ್ತದೆ ಎಂದುಕೊಂಡೆ.

ಮುಂದಿನ ಭಾನುವಾರ ನಮ್ಮವರಿಗೆ ಮಟಕಿ ಊರಿನ ಆಚೆಗಿನ ಒಂದು ಹಳ್ಳಿಯಿಂದ ಫೋನ್ ಬಂತು. ಬೋರ್‌ವೆಲ್ ಮೋಟಾರ್ ರಿಪೇರಿ ಅವರ ಕಸುಬು. ನಾನೂ ಬರುತ್ತೇನೆಂದು ಗಾಡಿಯ ಹಿಂದೆ ಕೂತೆ. ಆ ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಜನ ಕೆಟ್ಟವರಲ್ಲ.

ಊರ ಹೊರಗಿನ ಹಳ್ಳದ ಹತ್ತಿರ ನನ್ನನ್ನು ಇಳಿಸಿ, "ಅರ್ಧ ತಾಸಿನ್ಯಾಗ ಬರ್ತೇನಿ, ಇಲ್ಲೇ ಇರು" ಎಂದು ಹೊಲದ ಕಡೆಗೆ ಹೋದರು. ಹಳ್ಳದಲ್ಲಿ ಮೊಣಕಾಲು ನೀರಿತ್ತು. ಮೊದಲು ಬೆಳ್ಳಕ್ಕಿಗಳನ್ನು ತೆಗೆದೆ. ಆಮೇಲೆ ಬಟ್ಟೆ ಒಗೆಯುತ್ತಿದ್ದವರ ಕೈಗಳನ್ನು. ಆಚೆ ದಂಡೆಯ ಹುಣಸೆ ಮರದ ಟೊಂಗೆಗೆ ನಾಲ್ಕೈದು ಮಕ್ಕಳು ಜೋತುಬಿದ್ದು ಜೀಕುತ್ತಿದ್ದರು. ಅವರಲ್ಲಿ ಒಬ್ಬ ಹಲ್ಲು ಬಿದ್ದ ಬಾಯಿ ತೆರೆದು ಆಕಾಶ ನೋಡಿ ನಗುತ್ತಿದ್ದ. ಲೆನ್ಸನ್ನು ಕೊನೆಯವರೆಗೆ ತಿರುವಿದೆ. ಅವನು ಮಾರು ದೂರದಲ್ಲಿ ನಿಂತಂತೆ ಚೌಕಟ್ಟು ತುಂಬಿದ. ಒಂದರ ಹಿಂದೆ ಒಂದು ತೆಗೆಯುತ್ತಲೇ ಹೋದೆ.

"ಯಾರ್ರಿ ನೀವು?"

ಹಿಂದೆ ಮೇವಿನ ಹೊರೆ ಹೊತ್ತ ಒಬ್ಬಾಕೆ ನಿಂತಿದ್ದಳು.

"ಆಳಂದದಾಕಿ."

"ಇಲ್ಲಿ ಯಾರ ಮನಿಗಿ ಬಂದೀರಿ?"

"ಯಾರ ಮನಿಗೂ ಇಲ್ಲರಿ. ಸುಮ್ನ ಬಂದೇನಿ."

ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವಳ ಮುಖ ಬದಲಾಯಿತು. ಹಳ್ಳಿಗೆ ಯಾರೂ ಸುಮ್ಮನೆ ಬರುವುದಿಲ್ಲ. ಅದೂ ಆ ದಿನಗಳಲ್ಲಿ. ಮಕ್ಕಳನ್ನು ಕದ್ದೊಯ್ಯುವವರು ಸುತ್ತಾಡುತ್ತಿದ್ದಾರೆ, ಹೆಂಗಸರೂ ಇದ್ದಾರೆ, ಚಾಕಲೇಟು ಕೊಟ್ಟು ಕರೆಯುತ್ತಾರೆ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬರುತ್ತಿತ್ತು. ನನಗೂ ಬಂದಿತ್ತು, ಓದಿ, ಸುಳ್ಳೆಂದು ಬಿಟ್ಟಿದ್ದೆ. ಅವಳು ಹೊರೆಯನ್ನು ಅಲ್ಲೇ ಕೆಡವಿ ಆಚೆ ದಂಡೆಗೆ ಕೂಗಿದಳು.

"ಏ ಹುಡುಗ್ರಾ, ಮನಿಗಿ ಓಡ್ರಲೇ! ಓಡ್ರಿ!"

ಮಕ್ಕಳು ಟೊಂಗೆಯಿಂದ ಧಪಧಪನೆ ಬಿದ್ದು, ಚೀರುತ್ತ ಊರೊಳಗೆ ಓಡಿದರು. ಆ ಚೀರಾಟಕ್ಕೆ ಬಾಗಿಲುಗಳು ತೆರೆದವು. ನೋಡನೋಡುತ್ತಿದ್ದಂತೆ ನನ್ನ ಸುತ್ತ ಜನ. ನಾನು ಫೋನ್ ತೆಗೆದು ನಮ್ಮವರ ನಂಬರು ಒತ್ತುವಷ್ಟರಲ್ಲಿ ಒಬ್ಬ ಅದನ್ನು ಕೈಯಿಂದ ಕಿತ್ತುಕೊಂಡ. ಇನ್ನೊಬ್ಬ ನನ್ನ ಚೀಲವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ. ನೀರಿನ ಬಾಟಲಿ, ಲೆನ್ಸ್ ಒರೆಸುವ ಬಟ್ಟೆ, ಮನೆ ಕೀಲಿ, ಒಂದು ಮುಷ್ಟಿ ಚಾಕಲೇಟು.

ಸೂಜಿಗೆ ಹೆದರಿ ಅಳುವ ಮಕ್ಕಳಿಗೆ ಕೊಡಲೆಂದು ಲ್ಯಾಬಿಗೆ ಒಯ್ಯುವ ಚಾಕಲೇಟು ಅವು. ಎಲ್ಲರೂ ಆ ಬಣ್ಣದ ಕಾಗದಗಳನ್ನೇ ನೋಡಿದರು.

"ಯಾರ ಬೇ ನೀ? ಖರೆ ಹೇಳು."

ಮರ್ಯಾದೆಯ ರಿ ಹೋಗಿ ಏಕವಚನದ ಬೇ ಬಂದಿತ್ತು.

"ನಮ್ಮವರು ಮೋಟಾರ್ ರಿಪೇರಿಗಿ ಬಂದಾರ್ರಿ. ಹೊಲದಾಗ ಅದಾರ."

"ಯಾರ ಹೊಲದಾಗ?"

ನನಗೆ ಗೊತ್ತಿರಲಿಲ್ಲ. ಯಾರದೆಂದು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಫೋನ್ ಕಿತ್ತುಕೊಂಡವನು ನಮ್ಮವರ ನಂಬರಿಗೆ ತಾನೇ ಹಚ್ಚಿದ. ಗಂಟೆ ಬಾರಿಸುತ್ತಲೇ ಇತ್ತು. ಮತ್ತೆ ಹಚ್ಚಿದ. ಎತ್ತಲಿಲ್ಲ. "ಎತ್ತಂಗಿಲ್ಲ ಬಿಡು, ಅವನೂ ಇದರಾಗಿನವನ" ಎಂದರು ಹಿಂದಿನಿಂದ ಯಾರೋ.

"ಏನ್ ಕೆಲಸ ಮಾಡ್ತಿ?"

ರಕ್ತ ತೆಗೆಯುತ್ತೇನೆ ಎಂದು ಹೇಗೆ ಹೇಳುವುದು? ತಡವರಿಸಿದೆ. "ದವಾಖಾನಿ ಕೆಲಸರಿ."

"ಡಾಕ್ಟರ?"

"ಅಲ್ಲರಿ. ಲ್ಯಾಬಿನ್ಯಾಗ."

"ಅಂದ್ರ?"

ಯಾರದೋ ಕೈ ನನ್ನ ತೋಳನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿಯಿತು. ಯಾರದೆಂದು ಈಗಲೂ ತಿಳಿಯದು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಆಗ ಗುಂಪನ್ನು ಸೀಳಿಕೊಂಡು ಒಬ್ಬ ಎತ್ತರದ ಮುದುಕಿ ಮುಂದೆ ಬಂದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಆ ಹಲ್ಲು ಬಿದ್ದ ಹುಡುಗ ಅವಳ ಸೆರಗು ಹಿಡಿದಿದ್ದ. ಮೊಮ್ಮಗನಿರಬೇಕು.

"ಹೊಡಿಬ್ಯಾಡ್ರಿ. ಈ ಕ್ಯಾಮೆರಾದಾಗ ಏನ್ ತೆಗದಾಳ ನೋಡೋಣು. ತೋರ್ಸು ಬೇ."

ತೋರಿಸಿದರೆ ಎಲ್ಲ ಸರಿಹೋದೀತೆಂದು ನನಗೆ ಜೀವ ಬಂದಂತಾಯಿತು. ಪರದೆಯ ಮೇಲೆ ಬೆಳ್ಳಕ್ಕಿ ಬಂತು, ಒಗೆಯುವ ಕೈಗಳು ಬಂದವು. ಆಮೇಲೆ ಆ ಹುಡುಗ. ಮತ್ತೆ ಆ ಹುಡುಗ. ಬರೀ ಮುಖ, ಗದ್ದದ ಮೇಲಿನ ಮಚ್ಚೆ, ಕೊರಳಿನ ತಾಯತ. ಒಂದಾದ ಮೇಲೊಂದು ಹತ್ತಾರು. ಮುದುಕಿ ಪರದೆಯನ್ನು ನೋಡಿ, ಆಚೆ ದಂಡೆಯ ಮರವನ್ನು ನೋಡಿ, ನನ್ನನ್ನು ನೋಡಿದಳು.

"ನೀ ಈ ದಂಡಿಗಿ ಇದ್ದಿ. ನಮಗ ಯಾರಿಗೂ ಕಾಣದಂಗ ನನ್ನ ಮೊಮ್ಮಗನ ಇಷ್ಟು ಹತ್ರ ಹೆಂಗ ಬಂದಿ?"

"ಈ ಲೆನ್ಸ್ ದೂರಂದು ಹತ್ರ ಮಾಡ್ತದ್ರಿ ಯವ್ವಾ."

"ಅಂದ್ರ ದೂರಿಂದನ ಹುಡುಗರನ್ನ ಗುರ್ತ ಮಾಡಿ ಇಟ್ಕೊಳ್ಳಾಕ!" ಎಂದ ಫೋನ್ ಹಿಡಿದವನು.

ಗುಂಪು ಒಂದು ಹೆಜ್ಜೆ ಹತ್ತಿರ ಬಂತು. ಫೋಟೋಗಳೇ ನನ್ನನ್ನು ಉಳಿಸುತ್ತವೆ ಎಂದುಕೊಂಡಿದ್ದೆ. ಅವೇ ನನ್ನ ಕುತ್ತಿಗೆಗೆ ಬಂದಿದ್ದವು. ಆ ಮುಖಗಳನ್ನು ನಾನು ಮರೆತಿಲ್ಲ. ಅವರೆಲ್ಲ ಸಿಟ್ಟಿನಲ್ಲಿದ್ದರು, ನಿಜ. ಆದರೆ ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ನನ್ನನ್ನು ಕಂಡು ಹೆದರಿದ್ದರು.

ಮುದುಕಿ ಮಾತ್ರ ಅಲ್ಲಾಡಲಿಲ್ಲ. "ನಿನ್ನ ತವರುಮನಿ ಯಾವೂರು?"

"ಇಜೇರಿರಿ. ಜೇವರ್ಗಿ ಕಡೀದು."

"ಇಜೇರಿ ಮಗಳು ನಮ್ಮೂರಾಗ ಸೊಸಿ ಆಗ್ಯಾಳ. ಕರೀರಿ ಆಕಿನ್ನ."

ಬಂದವಳು ನನಗಿಂತ ಎಷ್ಟೋ ಚಿಕ್ಕವಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ತಲೆಯಾಡಿಸಿದಳು. "ಗುರ್ತ ಸಿಗವಲ್ದು."

"ನಮ್ಮನಿ ಊರ ಅಗಸಿ ಬಾಗಿಲು ದಾಟಿ ಎಡಕ್ಕ, ಹಿಟ್ಟಿನ ಗಿರಣಿ ಬಾಜೂಕ" ಎಂದೆ.

"ಅಗಸಿ ಹತ್ರ ಗಿರಣಿ ಎಲ್ಲಿ ಅದ? ಗಿರಣಿ ಇರೋದು ಬಸ್‌ಸ್ಟ್ಯಾಂಡಿನ ಕಡಿ."

"ಹಳೇ ಗಿರಣಿ! ನಾ ಸಣ್ಣಾಕಿ ಇದ್ದಾಗ ಇತ್ತು. ನಮ್ಮಪ್ಪ ಟಪಾಲಿನ ಕೆಲಸ ಮಾಡ್ತಿದ್ದ."

ಅವಳಿಗೆ ಗೊತ್ತಿರಲಿಲ್ಲ. ಅವಳು ಹುಟ್ಟುವ ಹೊತ್ತಿಗೆ ನಾವು ಆ ಮನೆ ಮಾರಿ ಊರು ಬಿಟ್ಟಾಗಿತ್ತು. ಆದರೂ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಗುಂಪಿನ ಕಡೆ ತಿರುಗಿ, "ತಡೀರಿ, ನಮ್ಮವ್ವಗ ಕೇಳ್ತೇನಿ" ಎಂದು ಸೆರಗಿಗೆ ಕೈ ಒರೆಸಿ ಫೋನ್ ಹಚ್ಚಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಸಿಗ್ನಲ್ ಹೋಯಿತು. ಕಲ್ಲಿನ ಮೇಲೆ ಹತ್ತಿ ನಿಂತು ಮತ್ತೆ ಹಚ್ಚಿದಳು.

"ಯವ್ವಾ, ಅಗಸಿ ಹತ್ರ ಹಳೇ ಗಿರಣಿ ಬಾಜೂಕ ಟಪಾಲಿನವರು ಅಂತ ಇದ್ರೇನು?"

"ಇದ್ದರಲ್ಲ. ಯಾಕ?" ಆ ಕಡೆಯ ದನಿಗೆ ಇಲ್ಲಿಯ ಸ್ಥಿತಿ ಏನೂ ಗೊತ್ತಿರಲಿಲ್ಲ.

"ಅವರ ಮಗಳು ಅಂತ ಒಬ್ಬಾಕಿ ಬಂದಾಳ ಇಲ್ಲಿ."

"ಟಪಾಲಿನವರಿಗಿ ಇಬ್ಬರು ಹೆಣ್ಮಕ್ಕಳು. ಯಾವಾಕಿ? ದೊಡ್ಡಾಕಿನೋ, ಹಗೇವಿನಾಗ ಬಿದ್ದಾಕಿನೋ?"

"ಬಿದ್ದಾಕಿ ನಾನ ಕಾಕೂ!" ಎಂದು ಕಿರುಚಿದೆ.

ಫೋನಿನಲ್ಲಿ ದೊಡ್ಡ ನಗೆ. "ಅವ್ವ ನನ್ನವ್ವಾ! ಅವತ್ತು ಜ್ವಾಳದಾಗ ಹೂತು ಮಕ ಅಷ್ಟ ಕಾಣ್ತಿತ್ತು! ನಮ್ಮ ಮನ್ಯಾವರೇ ಹಗ್ಗ ಬಿಟ್ಟು ಎಳದಾರ. ಮ್ಯಾಲ ಬಂದಮ್ಯಾಲೂ ಬಾಯಾಗಿನ ಜ್ವಾಳ ಉಗುಳವಲ್ಲಿ, ಅಗಿಯಾಕತ್ತಿದ್ದಿ!"

ಹಗೇವು ಎಂದರೆ ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ. ಆ ದಿನದ ನೆನಪು ನನಗೆ ಅಷ್ಟಾಗಿ ಇಲ್ಲ. ಗುಂಪಿನಲ್ಲಿ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ನಕ್ಕಳು. ನನ್ನ ತೋಳಿನ ಮೇಲಿನ ಹಿಡಿತ ಸಡಿಲಾಯಿತು. ನೆಲದ ಮೇಲೆ ಕೂತೇಬಿಟ್ಟೆ.

ಇಜೇರಿಯ ಆ ಹುಡುಗಿ ಚೆಲ್ಲಿದ್ದ ಸಾಮಾನುಗಳನ್ನು ಚೀಲಕ್ಕೆ ತುಂಬಿದಳು. ಚಾಕಲೇಟುಗಳನ್ನೂ. ಮುದುಕಿ ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಅವಳು ನಗಲಿಲ್ಲ.

"ನೀ ಕಳ್ಳಿ ಅಲ್ಲ, ಒಪ್ಪಿದೆ. ಆದ್ರ ನನ್ನ ಮೊಮ್ಮಗನ ಫೋಟೋ ಅಳಸು."

ಅಳಿಸಿದೆ. ಒಂದೊಂದಕ್ಕೂ ಕ್ಯಾಮೆರಾ "ಖಚಿತವೇ?" ಎಂದು ಕೇಳುತ್ತಿತ್ತು, ಒಂದೊಂದಕ್ಕೂ ಹೌದೆಂದು ಒತ್ತಿದೆ. ಅವಳು ಪಕ್ಕದಲ್ಲಿ ಬಗ್ಗಿ ಎಲ್ಲವನ್ನೂ ನೋಡಿದಳು. ಆಕಾಶ ನೋಡಿ ನಗುತ್ತಿದ್ದ ಆ ಒಂದು ಚಿತ್ರ ಬಂದಾಗ ನನ್ನ ಬೆರಳು ತಡೆಯಿತು. ಅಷ್ಟು ಒಳ್ಳೆಯ ಚಿತ್ರವನ್ನು ನಾನು ಅದುವರೆಗೆ ತೆಗೆದಿರಲಿಲ್ಲ. ಜೀವ ಉಳಿದ ಮರುಗಳಿಗೆಯೇ ಒಂದು ಚಿತ್ರಕ್ಕಾಗಿ ಮನಸ್ಸು ಮರುಗಬಹುದೆಂದು ನನಗೆ ಗೊತ್ತಿರಲಿಲ್ಲ.

"ಅದನ್ನೂ" ಎಂದಳು ಮುದುಕಿ.

ಅದನ್ನೂ ಅಳಿಸಿದೆ.

ಆಮೇಲೆ ಅವಳ ಮನೆಯಲ್ಲಿಯೇ ಚಹಾ ಕೊಟ್ಟರು. ನಮ್ಮವರು ಬಂದದ್ದು ಆಗ. ಮೋಟಾರಿನ ಸದ್ದಿನಲ್ಲಿ ಫೋನ್ ಕೇಳಿರಲಿಲ್ಲ. ಬಾಗಿಲ ಮುಂದಿನ ಜನರನ್ನು ದೂಡಿಕೊಂಡು ಒಳಗೆ ಬಂದು, ವಿಷಯ ಕೇಳಿ, ಒಬ್ಬೊಬ್ಬರ ಮೇಲೂ ಕೂಗಾಡಿದರು. ಅವರನ್ನು ಬಲ್ಲ ಊರಿನವನೊಬ್ಬ ಮೆಲ್ಲಗೆ ಹೇಳಿದ, "ಕರ್ಕೊಂಡು ಬಂದೇನಿ ಅಂತ ಒಂದು ಮಾತು ಹೇಳಿ ಹೋಗಬೇಕಿತ್ತಿಲ್ರಿ?" ಅವರು ಕೂಗಾಟ ನಿಲ್ಲಿಸಿ, ನನ್ನ ಫೋನನ್ನು ಕೇಳಿ ಪಡೆದು ಗಾಡಿಯ ಕಡೆ ನಡೆದರು.

ಊರು ದಾಟಿದ ಮೇಲೆ ಒಂದು ಸಣ್ಣ ಸೇತುವೆಯ ಹತ್ತಿರ ಗಾಡಿ ನಿಂತಿತು.

"ಯಾಕ್ರಿ?"

"ಗಾಡಿ ಹಿಡಿಯಾಕ ಆಗವಲ್ದು."

ಇಬ್ಬರೂ ಸೇತುವೆಯ ಕಟ್ಟೆಯ ಮೇಲೆ ಕೂತೆವು. ಅವರು, "ಇನ್ನ ಒಬ್ಬಾಕಿನ ಎಲ್ಲೂ ಹೋಗಬ್ಯಾಡ" ಎಂದರು.

"ಹೋಗಲಿಲ್ಲಂದ್ರ ಈ ಕ್ಯಾಮೆರಾ ಯಾಕ ಇಟ್ಕೋಬೇಕು?"

"ಇಟ್ಕೋಬ್ಯಾಡ."

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತೋಳಿನ ಮೇಲೆ ಬೆರಳಿನ ಗುರುತು ಕಪ್ಪಾಗಿತ್ತು. ಅತ್ತೆ ಕಂಡು ಕೇಳಿದರು, ಗಾಡಿಗೆ ತಾಗಿತೆಂದೆ. ಅವರು ನಂಬಲಿಲ್ಲ, ಮಗನ ಕಡೆ ಒಂದು ನೋಟ ಬೀರಿ ಒಳಗೆ ಹೋದರು. ಮಗನೇ ಹೊಡೆದನೆಂದುಕೊಂಡರೋ ಏನೋ ಎಂಬುದು ನಮ್ಮಿಬ್ಬರಿಗೂ ಮುಳ್ಳಿನಂತೆ ಚುಚ್ಚಿತು. ಲ್ಯಾಬಿನಲ್ಲಿ ಒಂದು ಮಗು ಎದುರಿಗೆ ಕೂತು ಅಳತೊಡಗಿದಾಗ ನನ್ನ ಕೈ ಜೇಬಿನ ಚಾಕಲೇಟಿನ ಹತ್ತಿರ ಹೋಗಿ ನಿಂತಿತು. ಅದರ ತಾಯಿಯನ್ನು ಕೇಳಿ ಕೊಟ್ಟೆ.

ಮುಂದಿನ ರಜೆಯ ದಿನ ಇಬ್ಬರೂ ಅಫಜಲಪುರಕ್ಕೆ ಹೋದೆವು, ಎರಡು ಲೆನ್ಸನ್ನೂ ಕೊಟ್ಟು, ಕ್ಯಾಮೆರಾವನ್ನೂ ಮಾರಲು. ಸ್ಟುಡಿಯೋದವರು ಎಲ್ಲವನ್ನೂ ಕೇಳಿದರು. ಉದ್ದನೆಯ ಲೆನ್ಸನ್ನು ಕೈಗೆ ತೆಗೆದುಕೊಂಡು, ಮೂತಿಯನ್ನು ಒಳಗೆ ಸರಿಸಿ, ಮುಚ್ಚಳ ಹಾಕಿದರು.

"ನಾ ಇದನ್ನ ಮದುವಿ ಮಂಟಪದ ಹೊರಗ ಎತ್ತಂಗಿಲ್ರಿ ಅಕ್ಕಾರ. ಯಾವ ಹಳ್ಳ್ಯಾಗೂ ಎತ್ತಿಲ್ಲ."

"ಯಾಕ್ರಿ?" ಎಂದರು ನಮ್ಮವರು.

"ನಿಮ್ಮ ಮನ್ಯಾವರಿಗಿ ತವರುಮನಿ ಯಾವುದು ಅಂತ ಕೇಳಿದ್ರು. ನನ್ನ ಹೆಸರು ಕೇಳಿದಮ್ಯಾಲ ಮುಂದಿಂದು ಯಾರೂ ಕೇಳಂಗಿಲ್ರಿ."

ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಮಳೆ ಬರುವ ಹಾಗಿದೆ ಎಂಬಂತೆ ಹೇಳಿ, ಲೆನ್ಸನ್ನು ಕಪಾಟಿನಲ್ಲಿಟ್ಟರು. ಗಿಡ್ಡ ಲೆನ್ಸ್ ಇನ್ನೂ ಗಾಜಿನ ಮೇಲೆ ಇತ್ತು. ಅದನ್ನು ಅವರು ಮುಟ್ಟಲಿಲ್ಲ.

"ಇದನ್ನ ನೀವು ಒಂದಿನಾನೂ ಹಾಕಿಲ್ಲ. ಇವತ್ತು ಹಾಕ್ಕೊಂಡು ಹೋಗ್ರಿ. ಬ್ಯಾಡನಿಸಿದ್ರ ನಾಳಿ ಬಸ್ಸಿನವರ ಕೈಯಾಗ ಕಳಸ್ರಿ."

ವಾಪಸು ಬರುವಾಗ ಗಾಣಗಾಪುರದಲ್ಲಿ ಗಾಡಿ ನಿಲ್ಲಿಸಿದೆವು. ಗುಡಿಯ ಓಣಿಯಲ್ಲಿ ಮಧ್ಯಾಹ್ನದ ಭಿಕ್ಷೆಯ ಹೊತ್ತು. ದೂರದೂರಿನಿಂದ ಬಂದ ಭಕ್ತರು ಅಲ್ಲಿಯ ವ್ರತದಂತೆ ಹೆಗಲಿಗೆ ಜೋಳಿಗೆ ಹಾಕಿ ಮನೆಮನೆ ಬೇಡುತ್ತಿದ್ದರು. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರೂ ಫೋಟೋ ತೆಗೆಯುವವರೇ. ಆದರೂ ನಾನು ಕ್ಯಾಮೆರಾ ಎತ್ತಲು ಹೋಗಿ ಮತ್ತೆ ಇಳಿಸುತ್ತಿದ್ದೆ. ನಮ್ಮವರು ಒಂದು ಮೊಳ ದೂರದಲ್ಲಿ, ಪೊಲೀಸನಂತೆ ಅತ್ತಿತ್ತ ನೋಡುತ್ತ ನಿಂತಿದ್ದರು.

ಹೂವಿನ ಅಂಗಡಿಯಾಕೆಯನ್ನು ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿದೆ. ಈ ಲೆನ್ಸಿನಲ್ಲಿ ಅವಳು ಸರಿಯಾಗಿ ಸಿಗಬೇಕಾದರೆ ಬುಟ್ಟಿಯ ಹತ್ತಿರವೇ ಹೋಗಬೇಕು. ಹೋಗಿ ಕೇಳಿದೆ.

"ಬ್ಯಾಡ್ರಿ. ಇವತ್ತು ತಲಿ ಬಾಚಿಲ್ಲ."

"ಆಯ್ತ್ರಿ" ಎಂದು ಕ್ಯಾಮೆರಾ ಇಳಿಸಿದೆ. ಅವಳು ಮತ್ತೆ ಹೂ ಕಟ್ಟತೊಡಗಿದಳು. ಅಷ್ಟೇ ಆಯಿತು, ಆಕಾಶ ಬೀಳಲಿಲ್ಲ. ಮುಖಕ್ಕೆ ಮುಖ ಕೊಟ್ಟು ಬೇಡವೆಂದದ್ದು ನನಗೆ ವಿಚಿತ್ರವಾಗಿ ನೆಮ್ಮದಿ ತಂದಿತು.

"ರೀ, ನೀವು ಸ್ವಲ್ಪ ಆ ಚಹಾದಂಗಡಿ ಕಡಿ ನಿಂದರ್ರಿ" ಎಂದೆ ನಮ್ಮವರಿಗೆ.

"ಯಾಕ?"

"ನೀವು ಕಾಯಾಕತ್ತೀರಿ ಅಂದ್ರ ನನಗ ಮತ್ತ ಅದ ನೆನಪಾಗ್ತದ."

ಅವರು ನನ್ನನ್ನು ನೋಡಿದರು, ಓಣಿಯನ್ನು ನೋಡಿದರು. ಆಗುವುದಿಲ್ಲವೆನ್ನುತ್ತಾರೆಂದು ಕಾದೆ. ಅವರು ರಸ್ತೆ ದಾಟಿ ಹೋಗಿ, ಬೆಂಚಿನ ಮೇಲೆ ಕೂತು, ಬೇಕೆಂತಲೇ ಇನ್ನೊಂದು ಕಡೆ ಮುಖ ಮಾಡಿದರು. ಅದು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಒಂದು ಲಾಡ್ಜಿನ ಕತ್ತಲೆ ಮೆಟ್ಟಿಲ ಮೇಲೆ ಸೊಲ್ಲಾಪುರದ ಕಡೆಯ ಒಬ್ಬ ಅಜ್ಜಿ ಭಿಕ್ಷೆಯ ರೊಟ್ಟಿ ಮುರಿಯುತ್ತ ಕೂತಿದ್ದಳು. ಕ್ಯಾಮೆರಾ ತೋರಿಸಿ ಕಣ್ಣಿನಲ್ಲೇ ಕೇಳಿದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ರೊಟ್ಟಿಯನ್ನು ತೊಡೆಯ ಮೇಲಿಟ್ಟು, ನೆಟ್ಟಗೆ ನನ್ನನ್ನೇ ನೋಡಿದಳು. ಒಂದು ತೆಗೆದೆ. ಇನ್ನೊಂದು ತೆಗೆಯುವಷ್ಟರಲ್ಲಿ ಮೆಟ್ಟಿಲಿನಿಂದ ಒಂದು ಪುಟ್ಟ ಹುಡುಗಿ ಇಳಿದು ಅಜ್ಜಿಯ ಪಕ್ಕ ನಿಂತಳು. ನನ್ನ ಬೆರಳು ಗುಂಡಿಯಿಂದ ತಾನಾಗಿ ಮೇಲೆದ್ದಿತು. ಮಗುವಿನ ಹಿಂದೆ ಬಂದ ತಾಯಿ ನನ್ನನ್ನು ಒಮ್ಮೆ ನೋಡಿ, ಮಗುವಿನ ಕೈ ಹಿಡಿದು ಕರೆದುಕೊಂಡು ಹೋದಳು. ಅವರು ಓಣಿಯ ತಿರುವು ದಾಟುವವರೆಗೂ ಕಾದೆ.

ಅಜ್ಜಿಗೆ ಪರದೆ ತೋರಿಸಿದೆ. ಆ ಕತ್ತಲೆಯಲ್ಲೂ ಅವಳ ಮುಖದ ಗೆರೆಗೆರೆಯೂ ಬಂದಿತ್ತು. ಅವಳು ಮರಾಠಿ ಬೆರೆತ ಕನ್ನಡದಲ್ಲಿ, "ಇಷ್ಟು ಮುದುಕಿ ಯಾವಾಗ ಆದೆ ನಾ?" ಎಂದು ಬೇಸರದಿಂದ ಹೇಳಿ, ಮತ್ತೆ ರೊಟ್ಟಿ ಮುರಿಯತೊಡಗಿದಳು.

ನಾನು ಚಹಾದಂಗಡಿಗೆ ಬಂದಾಗ ನಮ್ಮವರು ಎದ್ದು ಗಾಡಿಯ ಕೀಲಿ ತೆಗೆದರು.

"ಲೆನ್ಸ್ ನಾಳಿ ಬಸ್ಸಿಗಿ ಕೊಟ್ಟು ಕಳಸೋದೇನು?"

"ಬ್ಯಾಡ್ರಿ. ಇರಲಿ."

ಅವರು ಗಾಡಿ ಚಾಲೂ ಮಾಡಿದರು. ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕದೆ, ಧೂಳು ಹತ್ತದಂತೆ ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಹಿಂದೆ ಕೂತೆ.